ಪ್ರಮಿಳಾಳ ದನಿ ಬಿದ್ದ ಸೋಮವಾರ

ಬೀಡಿ ಗ್ರಾಮದಿಂದ ಖಾನಾಪುರದ ಮೇಲೆ ಹಾದು ಬೆಳಗಾವಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಪ್ರಮಿಳಾ ಆ ಸೋಮವಾರ ಎದ್ದಾಗ ಅವಳಿಗೆ ದನಿಯೇ ಇರಲಿಲ್ಲ. ‘ಅವ್ವಾ’ ಎಂದು ಕರೆಯಲು ಬಾಯಿ ತೆರೆದಳು. ಸೈಕಲ್ ಟ್ಯೂಬಿನ ಗಾಳಿ ಹೋದ ಹಾಗೆ ‘ಹ್ಸ್ಸ್’ ಎಂದು ಬಂತು, ಅಷ್ಟೇ. ಉಗುಳು ನುಂಗಿದರೆ ಗಂಟಲಲ್ಲಿ ಜಾಲಿಮುಳ್ಳು ಆಡಿಸಿದಂತಾಯಿತು.

ತಪ್ಪು ಅವಳದೇ. ಹಿಂದಿನ ದಿನ ಖಾನಾಪುರದಲ್ಲಿ ಅಣ್ಣನ ಮಗಳು ನೀಲಾಳ ಕಬಡ್ಡಿ ಫೈನಲ್ ಇತ್ತು. ನೀಲಾ ಗೆರೆ ದಾಟಿ ಒಳಗೆ ಹೋದಾಗಲೆಲ್ಲ ಪ್ರಮಿಳಾ ಮೈದಾನದ ಅಂಚಿನಲ್ಲಿ ನಿಂತು ಒದರಿದಳು. ಎರಡು ತಾಸು ಒಂದೇ ಸವನೆ. ಕೊನೆಗೆ ಎದುರು ತಂಡದ ಮಾಸ್ತರರು ಬಂದು, “ಅಕ್ಕಾರ, ನಿಮ್ಮ ಕೈ ಮುಗೀತೇನಿ, ನಮ್ಮ ಹುಡಿಗ್ಯಾರಿಗೆ ರೆಫ್ರಿ ಊದೂ ಸೀಟಿ ಸೈತ ಕೇಳವಲ್ದು” ಎಂದಿದ್ದರು. ನೀಲಾಳ ತಂಡ ಗೆದ್ದಿತು. ಆ ಖುಷಿಯಲ್ಲಿ ಅತ್ತೆ, ಸೊಸೆ ಸೇರಿ ಎರಡೆರಡು ಬರ್ಫದ ಗೋಳಾ ತಿಂದರು. ಉಳಿದಿದ್ದ ದನಿಯನ್ನು ಆ ಗೋಳಾ ತೆಗೆದುಕೊಂಡು ಹೋಯಿತು.

ಅಂಗಳ ಗುಡಿಸುತ್ತಿದ್ದ ಅವ್ವ ಸತ್ಯವ್ವನ ಮುಂದೆ ಹೋಗಿ ಪ್ರಮಿಳಾ ಕೊರಳು ತೋರಿಸಿದಳು.

“ಏನ? ದನಿ ಬಿದ್ದೈತಿ?” ಸತ್ಯವ್ವನ ಕಣ್ಣು ಅಗಲವಾದವು. “ಖರೇನ ಬರವಲ್ದೇನ? ಇನ್ನೊಮ್ಮೆ ಒದರು ನೋಡೂಣು.”

“ಹ್ಸ್ಸ್.”

“ಜೋರ ಒದರ ಪಮ್ಮಿ. ಜೀವ ಹಾಕಿ ಒದರು.”

“ಹ್ಸ್ಸ್ಸ್.”

ಸತ್ಯವ್ವ ಕಸಬರಿಗೆ ಅಲ್ಲೇ ಕೆಡವಿ ದೇವರ ಮಾಡದ ಕಡೆ ತಿರುಗಿ ಎರಡೂ ಕೈ ಮುಗಿದಳು. “ಯಪ್ಪಾ ಬೀರಪ್ಪಾ, ನಿನ್ನ ಲೀಲಾ ದೊಡ್ಡದಪಾ!”

ಅವಳ ಸಂತೋಷಕ್ಕೆ ಕಾರಣವಿತ್ತು. ಅದೇ ದಿನ ಮಧ್ಯಾಹ್ನ ಮೂರಕ್ಕೆ ಬೆಳಗಾವಿಯಿಂದ ಪ್ರಮಿಳಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಈ ಮೊದಲು ಇಬ್ಬರು ಬಂದು ಹೋಗಿದ್ದರು. ಮೊದಲನೆಯವರು, “ಹುಡುಗಿ ಚಲೋ ಅದಾಳ್ರೀ, ಆದ್ರ ಮಾತಾಡಿದ್ರ ನಡುಮನ್ಯಾಗಿನ ಭಾಂಡೆ ನಡಗತಾವು” ಎಂದು ಹೇಳಿ ಕಳಿಸಿದರು. ಎರಡನೆಯವರು ಇನ್ನೂ ನಯಸ್ಥರು. “ನಮ್ಮ ಮನಿ ಬಾಳ ಸಣ್ಣದೈತ್ರೀ” ಎಂದಷ್ಟೇ ಹೇಳಿದ್ದರು. ಅಂದಿನಿಂದ ಸತ್ಯವ್ವ ಮಗಳ ದನಿಯನ್ನು ಹೊಲಕ್ಕೆ ನುಗ್ಗುವ ಹಂದಿಯನ್ನು ಕಾಯುವಂತೆ ಕಾಯುತ್ತಿದ್ದಳು.

ಅಷ್ಟರಲ್ಲಿ ಅಪ್ಪ ಭರಮಣ್ಣ ಒಳಗಿನಿಂದ ಒಂದು ಲೋಟ ಬಿಸಿ ಹಾಲಿಗೆ ಅರಿಷಿಣ, ಮೆಣಸಿನ ಪುಡಿ ಹಾಕಿ ಊದುತ್ತ ತಂದ. “ತೊಗೋ ಮಗಾ, ಗಟಗಟ ಕುಡಿ. ಚಂಜಿತನಕ ಗಂಟಲ ಬಿಡ್ತೈತಿ.”

ಸತ್ಯವ್ವ ಲೋಟವನ್ನು ನಡುದಾರಿಯಲ್ಲೇ ಕಸಿದುಕೊಂಡು, ಗಂಡ ನೋಡನೋಡುತ್ತಿದ್ದಂತೆ ತಾನೇ ಕುಡಿದುಬಿಟ್ಟಳು. ಸೆರಗಿನಿಂದ ಹಳದಿ ಮೀಸೆ ಒರೆಸಿಕೊಂಡು ಹೇಳಿದಳು: “ಯಾರೂ ಔಷಧ ಕೊಡಬ್ಯಾಡ್ರಿ ಈಕಿಗೆ! ಇವತ್ತ ಒಂದ ದಿನ ಹಿಂಗ ಇರ್ಲಿ. ಅವರು ಬರ್ತಾರ, ನೋಡ್ತಾರ, ಹೋಗ್ತಾರ. ಅಕ್ಕಿಕಾಳ ಬಿದ್ದ ಮ್ಯಾಲ ಎಷ್ಟ ಬೇಕಾದ್ರೂ ಒದರ್ಲಿ. ಪಮ್ಮಿ, ಬಿಸಿನೀರು ಸೈತ ಮುಟ್ಟಬ್ಯಾಡ. ಆಣಿ ಐತಿ ನಂದು.”

ಪ್ರಮಿಳಾ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಯೋಚಿಸಿದಳು. ಹುಡುಗನ ಹೆಸರು ಶಿವಲಿಂಗ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ. ಮನೆಯಲ್ಲಿ ತಾಯಿ, ಮಗ ಇಬ್ಬರೇ. ಅವನ ಫೋಟೋ ಅವಳ ಮೊಬೈಲಿಗೆ ಬಂದು ನಾಲ್ಕು ದಿನವಾಗಿತ್ತು. ಫೋಟೋ ತೆಗೆಯುವವನು ಏನೋ ಹೇಳಿದ್ದಕ್ಕೆ ನಗು ಬಂದು, ಅದನ್ನು ತುಟಿಯಲ್ಲಿ ಕಷ್ಟಪಟ್ಟು ತಡೆದುಕೊಂಡವನ ಹಾಗೆ ಕಾಣುತ್ತಿದ್ದ. ಅದು ಏನಿರಬಹುದು ಎಂದು ತಿಳಿಯುವ ಆಸೆಗೆ ಪ್ರಮಿಳಾ ಫೋಟೋವನ್ನು ಎಷ್ಟು ಸಲ ತೆರೆದಿದ್ದಳೋ ಲೆಕ್ಕವಿರಲಿಲ್ಲ. ಈ ಸಂಬಂಧ ಕೈತಪ್ಪುವುದು ಅವಳಿಗೆ ಬೇಡವಾಗಿತ್ತು. ಆದರೆ ಒಬ್ಬಳನ್ನು ತೋರಿಸಿ ಇನ್ನೊಬ್ಬಳನ್ನು ಕಳಿಸಿದ ಹಾಗಾಗುವುದಿಲ್ಲವೇ? ಕೇಳಬೇಕೆಂದರೆ ದನಿ ಇಲ್ಲ. ಒಂದು ಗಂಟೆಗೆ ಡ್ಯೂಟಿ ಮುಗಿಸಿ ಬರುತ್ತೇನೆಂದು ಸನ್ನೆ ಮಾಡಿ ಹೊರಟಳು.

*

ಡ್ರೈವರ್ ಬಾಳೇಶ ಆರು ವರ್ಷದಿಂದ ಅವಳ ದನಿ ಕೇಳಿಯೇ ಬಸ್ಸು ಓಡಿಸಿದವನು. ಅಂದು ಬರೀ ಸೀಟಿ ಕೇಳಿ ಎರಡು ಸಲ ಹಿಂತಿರುಗಿ ನೋಡಿದ. ಮುಂದಿನ ಸೀಟಿನಲ್ಲಿ ದಿನವೂ ಕೂರುವ ಗುರುಪಾದಪ್ಪಜ್ಜನಿಗೂ ಏನೋ ತಪ್ಪಿದೆ ಅನ್ನಿಸಿತು. ಖಾನಾಪುರ ಬಸ್‌ಸ್ಟ್ಯಾಂಡಿನ ಬಾಜು ಅವರದು ಗಿಡಮೂಲಿಕೆ, ಮಸಾಲೆ ಮಾರುವ ಅಂಗಡಿ. ಎಪ್ಪತ್ತು ದಾಟಿದ್ದರೂ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ತಾವೇ ಬಾಗಿಲು ತೆಗೆಯಬೇಕು.

“ಏನವಾ ಪ್ರಮಿಳಾ, ಬಸ್ಸ ಇಷ್ಟ ಶಾಂತ ಐತಿ? ನಾ ಬ್ಯಾರೆ ಗಾಡಿ ಹತ್ತಿದ್ನೇನ ಅಂದ್ಕೊಂಡೆ.”

ಪ್ರಮಿಳಾ ಗಂಟಲು ತೋರಿಸಿ ಕೈ ಅಲ್ಲಾಡಿಸಿದಳು.

“ದನಿ ಬಿದ್ದೈತಿ!” ಎಂದು ಅಜ್ಜ ಇಡೀ ಬಸ್ಸಿಗೆ ಸಾರಿದರು. ಬಹಳ ದಿನದ ಮೇಲೆ ಸರಿಯಾದ ಗಿರಾಕಿ ಸಿಕ್ಕ ಹಿಗ್ಗು ಅವರ ಮುಖದಲ್ಲಿತ್ತು. ಅಂಗಿಯ ಕಿಸೆಯಿಂದ ಜೇಷ್ಠಮಧುವಿನ ಒಂದು ಕಡ್ಡಿ ತೆಗೆದರು. “ದವಡ್ಯಾಗ ಇಟ್ಕೊ. ಅಗೀಬ್ಯಾಡ. ರಸ ಇಳೀತೈತಿ, ಸಾವಕಾಶ ನುಂಗು.”

ಅವ್ವನ ಆಣೆ ನೆನಪಾಗಿ ಪ್ರಮಿಳಾ ಹಿಂದೆ ಸರಿದಳು. ಆದರೆ ‘ಬೇಡ’ ಎನ್ನಲಿಕ್ಕೂ ದನಿ ಬೇಕಲ್ಲ? ಅವಳು ತಲೆ ಅಲ್ಲಾಡಿಸಿದ್ದನ್ನು ಅಜ್ಜ ನಾಚಿಕೆ ಎಂದು ತಿಳಿದು ಕಡ್ಡಿಯನ್ನು ಬಾಯಿಗೇ ಇಟ್ಟರು.

“ಆ ಕಟಗಿ ಚೀಪಿದ್ರ ಏನಾಕ್ಕೈತ್ರೀ ಅಜ್ಜಾರ?” ಎಂದಳು ಹಿಂದಿನ ಸೀಟಿನ ಕಾಶವ್ವ. ಬೆಳಗಾವಿಗೆ ಕಾಯಿಪಲ್ಲೆ ಒಯ್ದು ಮಾರುವ ಹೆಂಗಸು. ಬಸ್ಸಿನಲ್ಲಿ ಅವಳ ಬುಟ್ಟಿಗೂ ಒಂದು ಸೀಟು ಬೇಕು. “ಹಸಿಶುಂಠಿ, ಬೆಲ್ಲ. ಅದ ಖರೇ ಔಷಧ. ನಮ್ಮ ಅತ್ತಿ ಎಂಬತ್ತ ವರ್ಷ ಅದ ತಿಂದ್ಲು, ಸಾಯೂತನಕ ಬೈದ್ಲು.” ಬುಟ್ಟಿಯೊಳಗೆ ಕೈ ಹಾಕಿ ಶುಂಠಿಯ ಒಂದು ಬೆರಳು ಮುರಿದು, ಸೆರಗಿಗೆ ಒರೆಸಿ, ಬೆಲ್ಲದ ಚೂರಿನ ಜೊತೆ ಕೊಟ್ಟಳು.

“ಖಾಲಿ ಹೊಟ್ಟ್ಯಾಗ ಶುಂಠಿ ಉರೀತೈತಿ ಕಾಶವ್ವಾ.”

“ನಿಮ್ಮ ಕಟಗಿ ಏನ ತಂಪ ಐಸ್ಕ್ರೀಮೇನ್ರೀ?”

ಇವರ ಜಗಳ ಮುಗಿಯುವ ಮೊದಲೇ ಖಾನಾಪುರದ ಮರಾಠಿ ಹೆಂಗಸೊಬ್ಬರು ಎದ್ದು ಬಂದು, “ತೋಂಡಾತ ಲವಂಗ ಠೇವಾ” ಎನ್ನುತ್ತ ಎರಡು ಲವಂಗ ಅವಳ ನಾಲಿಗೆಯ ಮೇಲಿಟ್ಟರು. ಕಿಟಕಿಯ ಬದಿಯ ಮುದುಕ ಒಬ್ಬ ಎಲೆಅಡಿಕೆ ಚೀಲ ಬಿಚ್ಚಿ, ವೀಳ್ಯದೆಲೆಯಲ್ಲಿ ನಾಲ್ಕು ಓಮಿನ ಕಾಳು ಮಡಚಿ ಕೊಟ್ಟ. ಪ್ರಮಿಳಾಳ ಎಡದವಡೆಯಲ್ಲಿ ಜೇಷ್ಠಮಧು, ಬಲದವಡೆಯಲ್ಲಿ ಶುಂಠಿ, ನಾಲಿಗೆಯ ಮೇಲೆ ಲವಂಗ. ಕಣ್ಣಲ್ಲಿ ನೀರು. ಆ ಸ್ಥಿತಿಯಲ್ಲೇ ಹೆಂಗಸರ ಆಧಾರ ಕಾರ್ಡು ನೋಡುತ್ತ ಶೂನ್ಯ ಟಿಕೆಟು ಹರಿಯುತ್ತ ಹೋದಳು. ಮುಂದಿನ ನಿಲ್ದಾಣ ಕೂಗುವುದು ಹೇಗೆಂದು ಅವಳು ತಬ್ಬಿಬ್ಬಾದಾಗ ಹಿಂದಿದ್ದ ಕಾಲೇಜು ಹುಡುಗಿಯರು ಆ ಕೆಲಸ ತಾವೇ ಹಿಡಿದರು. ಪ್ರತಿ ನಿಲ್ದಾಣಕ್ಕೂ ಅವರು ಊರ ಹೆಸರು ಕೂಗುವುದು, ಬಾಗಿಲು ಮುಚ್ಚಿದ ಕೂಡಲೇ ಇಡೀ ಬಸ್ಸು ಒಟ್ಟಾಗಿ “ರೈಟ್!” ಎನ್ನುವುದು. ಬಾಳೇಶನಿಗೆ ಎಷ್ಟು ಉಮೇದಿ ಬಂತೆಂದರೆ ಬಸ್ಸು ಬೆಳಗಾವಿಗೆ ಹತ್ತು ನಿಮಿಷ ಮೊದಲೇ ಮುಟ್ಟಿತು.

ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲು ಬಡಿದುಕೊಂಡಿತು. ಸತ್ಯವ್ವ.

“ಏನರ ಕುಡದೇನ? ಯಾರರ ಏನರ ಕೊಟ್ರೇನ? ಇಲ್ಲಾ ಅಂದ್ರ ಒಂದ ಸಲ ಬಡಿ, ಹೌದು ಅಂದ್ರ ಎರಡ ಸಲ ಬಡಿ.”

ಪ್ರಮಿಳಾ ಉಗುರಿನಿಂದ ಮೊಬೈಲಿಗೆ ಒಂದು ಸಲ ಬಡಿದಳು. ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಾಳೇಶ ಚಹಾದ ಅಂಗಡಿಯಿಂದ ಒಂದು ತಂಬಿಗೆ ಉಗುರುಬೆಚ್ಚಗಿನ ಉಪ್ಪುನೀರು ತಂದಿದ್ದ. “ಮುಗಲ ನೋಡಿ ಗಳಗಳ ಮಾಡ್ರಿ ಅಕ್ಕಾರ. ನುಂಗಬ್ಯಾಡ್ರಿ.” ಅವಳು ಬಸ್ಸಿನ ಹಿಂದೆ ನಿಂತು ಬಾಯಿ ಮುಕ್ಕಳಿಸಿದಳು. ಬೇರೆ ಮೂರು ಬಸ್ಸಿನ ಕಂಡಕ್ಟರುಗಳು ಸುತ್ತ ನಿಂತು, “ಇನ್ನ ಮ್ಯಾಲ”, “ಇನ್ನ ಒಳಗ” ಎಂದು ಸಲಹೆ ಕೊಟ್ಟರು. ಆರನೆಯ ಸಲ ಉಗುಳಿದ ಮೇಲೆ ಪ್ರಮಿಳಾ ಮೆಲ್ಲಗೆ ದನಿ ತೆಗೆದು ನೋಡಿದಳು.

“ಕ್ರೋಂ.”

ಮಳೆಗಾಲದ ಹೊಂಡದ ಕಪ್ಪೆಯ ದನಿ.

“ಬಂತು!” ಬಾಳೇಶ ಕುಣಿದ. “ಗಂಡದನಿ ಬಂದೈತಿ, ಖರೇ ಬಂದೈತಿ!”

ಅದೂ ಮರುಗಳಿಗೆಯಲ್ಲಿ ಹೋಯಿತು.

*

ಹನ್ನೊಂದಕ್ಕೆ ಬಸ್ಸು ಮರಳಿ ಹೊರಟಿತು. ಕಾಶವ್ವ ಕಾಯಿಪಲ್ಲೆ ಎಲ್ಲ ಒಬ್ಬನಿಗೇ ಮಾರಿ, ಖಾಲಿ ಬುಟ್ಟಿಯೊಂದಿಗೆ ಅದೇ ಬಸ್ಸು ಹಿಡಿದಿದ್ದಳು. ಉದ್ಯಮಬಾಗದ ನಿಲ್ದಾಣದಲ್ಲಿ ಪಾಳಿ ಮುಗಿಸಿದ ಕಾರ್ಮಿಕರ ನಡುವೆ ಇಬ್ಬರು ಹೊಸ ಬಟ್ಟೆಯವರು ಹತ್ತಿದರು. ಇಳಕಲ್ ಸೀರೆ ಉಟ್ಟ, ಗಟ್ಟಿ ಮೈಕಟ್ಟಿನ ಅರವತ್ತರ ಹೆಂಗಸು. ಅವಳ ಹಿಂದೆ ಬೆಳಗಾವಿಯ ಸಿಹಿ ತಿನಿಸು ಕುಂದಾದ ಡಬ್ಬಿ ಎದೆಗವಚಿಕೊಂಡ ಮಗ.

ಫೋಟೋದ ಮುಖ. ನಗುವನ್ನು ತಡೆದುಕೊಂಡ ಅದೇ ತುಟಿ.

ಪ್ರಮಿಳಾಳ ಕೈಯಲ್ಲಿದ್ದ ಟಿಕೆಟ್ ಮಷೀನು ತಾನಾಗಿಯೇ ಎರಡು ಟಿಕೆಟು ಬಿಟ್ಟಿತು. ಮೂರು ಗಂಟೆಗೆ ಮನೆಗೆ ಬರಬೇಕಾದವರು ಈಗಲೇ ಈ ಬಸ್ಸಿನಲ್ಲಿ! ಅವಳು ಕಂಬ ಹಿಡಿದು ಬಸ್ಸಿನ ಹಿಂತುದಿಗೆ ಸರಿದಳು. ಕಾರ್ಮಿಕರಿಗೆಲ್ಲ ಟಿಕೆಟು ಕೊಟ್ಟಳು. ಕೊಟ್ಟವರಿಗೇ ಮತ್ತೆ ಕೊಡಲು ಹೋಗಿ ಬೈಸಿಕೊಂಡಳು. ಕೊನೆಗೆ ಮುಂದಿನ ಸೀಟಿಗೆ ಹೋಗಲೇಬೇಕಾಯಿತು.

ಶಿವಲಿಂಗ ತಲೆ ಎತ್ತಿ ನೋಡಿದ. ಅವನ ಮೊಬೈಲಿನಲ್ಲೂ ಒಂದು ಫೋಟೋ ಇತ್ತಲ್ಲ. ಕಿವಿಯ ತುದಿಯಿಂದ ಶುರುವಾದ ಕೆಂಪು ಕೊರಳಿನವರೆಗೆ ಇಳಿಯಿತು. ತಾಯಿ ಸಾವಂತ್ರವ್ವ ಮಾತ್ರ ಆಧಾರ ಕಾರ್ಡು ಚಾಚಿ, ಹೊಲದ ಆಚೆಯ ದಂಡೆಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

“ಯವ್ವಾ, ಈ ಬಸ್ಸಿನ್ಯಾಗ ಒಬ್ಬಾಕಿ ಒದರ್ತಿದ್ಲಲ್ಲ, ಆಕಿ ಎಲ್ಲಿ? ರಜಾ ಹಾಕ್ಯಾಳೇನ?”

ಪ್ರಮಿಳಾ ಬಾಯಿ ತೆರೆದಳು. “ಹ್ಸ್ಸ್.”

“ಆಂ? ಜೋರ ಹೇಳವಾ. ನನಗ ಕೇಳಂಗಿಲ್ಲ.” ಸಾವಂತ್ರವ್ವ ಕಿವಿಗೆ ಕೈ ಅಡ್ಡ ಹಿಡಿದಳು. “ಮೂರ ವರ್ಷಾತು ಕಿವಿ ಮಂದ ಆಗಿ, ಕಣ್ಣೂ ಮಸಕ, ಮಾರಿ ಗುರ್ತ ಹತ್ತಂಗಿಲ್ಲ. ಮಗ ಮಷೀನ ಕೊಡಿಸ್ಯಾನ. ಅದರಾಗ ಮಂದಿ ಮಾತಿಗಿಂತ ಫ್ಯಾನಿನ ಸಪ್ಪಳನ ಜಾಸ್ತಿ. ಮನಿಗೆ ನಾಕ ಮಂದಿ ಬಂದ್ರ ಅವರು ನಗತಾರ, ನಾನೂ ನಗತೇನಿ. ಯಾಕ ನಕ್ಕೆ ಅಂತ ನನಗ ಗೊತ್ತಿರಂಗಿಲ್ಲ. ನನ್ನ ಮಗಳ್ನ ಖಾನಾಪುರಕ್ಕ ಕೊಟ್ಟೇವಿ. ಆಕಿ ಮನಿಗೆ ಹೋಗುವಾಗ ಈ ಬಸ್ಸ ಹತ್ತತಿದ್ದೆ. ಆ ಹುಡುಗಿ ‘ಪೀರನವಾಡೀ’ ಅಂದ್ಲಂದ್ರ ನನ್ನ ಎದಿಗೆ ಬಂದ ಬಡೀತಿತ್ತವಾ! ‘ಅಜ್ಜೀ, ಪಾವಟಗಿ ನೋಡಿ ಇಳೀ’ ಅಂತಿದ್ಲು. ಅಜ್ಜಿ ಅಂದ್ಲಂತ ಸಿಟ್ಟ ಬಂತು, ಖರೇ ಕೇಳ್ತಲ್ಲ ಅಂತ ಅಳು ಬಂತು. ನನ್ನ ಜೋಡಿ ಒಂದ ಜೀವ ಮಾತಾಡಿದಂಗ ಆತು. ಅವತ್ತ ಮಗಗ ಹೇಳಿದೆ: ಆ ಹುಡುಗಿ ಯಾರು, ಯಾವೂರು, ತಪಾಸ ಮಾಡು. ಕನ್ಯಾ ಕೇಳೂದಾದ್ರ ಆಕೀನ್ನ ಕೇಳೂಣು. ಈಗ ಅವರ ಮನಿಗೇ ಹೊಂಟೇವಿ. ಮೂರಕ್ಕ ಬರ್ರಿ ಅಂದಾರ, ನನಗ ಮನ್ಯಾಗ ಕುಂದ್ರಾಕ ಆಗ್ಲಿಲ್ಲ.”

ಬಸ್ಸಿನ ಮಂದಿಯೆಲ್ಲ ಪ್ರಮಿಳಾಳ ಕಡೆ ತಿರುಗಿದರು. ಕಾಶವ್ವ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು.

ಶಿವಲಿಂಗ ಗಡಿಬಿಡಿಯಿಂದ ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಏನೋ ಬರೆದು ತಾಯಿಯ ಕಣ್ಣ ಮುಂದೆ ಹಿಡಿದ. ಸಾವಂತ್ರವ್ವ ನಾಲ್ಕನೆಯ ಇಯತ್ತೆ ಕಲಿತವಳು. ಓದಿದಳು, ಮತ್ತು ಅವಳಿಗೆ ಮನಸ್ಸಿನಲ್ಲಿ ಓದುವ ರೂಢಿ ಇರಲಿಲ್ಲ.

“‘ಅವ್ವಾ. ಇವರೇ. ಅವರು. ದಯಮಾಡಿ. ಸುಮ್ಮನ. ಕುಂದ್ರು.’”

ಇಡೀ ಬಸ್ಸು ಹೋ ಎಂದಿತು. ಯಾರೋ ಸೀಟಿ ಹೊಡೆದರು. ಅದು ಪ್ರಮಿಳಾಳ ಸೀಟಿಯೆಂದು ತಿಳಿದು ಬಾಳೇಶ ಗಕ್ಕನೆ ಬ್ರೇಕ್ ಹಾಕಿದ. ಪ್ರಮಿಳಾ ಜೋಲಿ ತಪ್ಪಿ ಸಾವಂತ್ರವ್ವನ ತೊಡೆಯ ಮೇಲೆ ಹೋಗಿ ಕೂತಳು.

“ಏನ ನೀನ?” ಸಾವಂತ್ರವ್ವ ಅವಳ ಗದ್ದ ಹಿಡಿದೆತ್ತಿದಳು. “ಹಂಗಾದ್ರ ದನಿ ಎಲ್ಲಿ ಹೋತು?”

ಪ್ರಮಿಳಾ ಎದ್ದು ಶಿವಲಿಂಗನ ಕಡೆ ಕೈ ಚಾಚಿದಳು. ಅವನು ಕೇಳುವ ಮೊದಲೇ ಮೊಬೈಲು ಕೊಟ್ಟ. ಅವಳು ಬರೆದದ್ದನ್ನು ಸಾವಂತ್ರವ್ವ ಮತ್ತೆ ಎಲ್ಲರಿಗೂ ಓದಿ ಹೇಳಿದಳು: “‘ನಿನ್ನೆ ಕಬಡ್ಡಿ ನೋಡಿ ಒದರಿ ಹೋಗೇತ್ರೀ. ನಾಳಿಗೆ ಬರ್ತೈತಿ.’ ನಾಳಿಗೆ? ನಾ ಇವತ್ತ ಬಂದೇನಲ್ಲ!”

ಪ್ರಮಿಳಾಳಿಗೆ ನಗು ತಡೆಯಲಾಗಲಿಲ್ಲ. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿದ್ದವು. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಹಗುರಾಗಿ ಹಾರಿಹೋಯಿತು. ತನ್ನ ದನಿಯನ್ನು ಹುಡುಕಿಕೊಂಡು ಒಬ್ಬರು ಬಂದಿದ್ದಾರೆ! ಮಚ್ಛೆ ಬಂತೋ ದೇಸೂರ ಬಂತೋ ಅವಳಿಗೆ ತಿಳಿಯಲಿಲ್ಲ. ಟಿಕೆಟು ಕೊಡಲು ಹೋದರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ನಡುವೆ ಒಮ್ಮೆ ತಿರುಗಿ ನೋಡಿದಾಗ ಶಿವಲಿಂಗ ಕೈಸನ್ನೆ ಮಾಡುತ್ತಿದ್ದ: ಬೆರಳು ಗಂಟಲಿಗೆ, ಆಮೇಲೆ ಮುಷ್ಟಿ ಬಾಯಿಗೆ, ಆಮೇಲೆ ಹುಬ್ಬು ಮೇಲಕ್ಕೆ. ಬಿಸಿನೀರು ಬೇಕೇ? ಫೌಂಡ್ರಿಯ ಗದ್ದಲದಲ್ಲಿ ಅವರೆಲ್ಲ ಸನ್ನೆಯಲ್ಲೇ ಮಾತಾಡುವವರು. ಅವಳು ಹೆಬ್ಬೆರಳು ಎತ್ತಿದಳು. ಅವನು ಚೀಲದಿಂದ ಫ್ಲಾಸ್ಕು ತೆಗೆದ. ತಾಯಿಗೆಂದು ತಂದ ಬಿಸಿನೀರು. ಮುಚ್ಚಳದಲ್ಲಿ ಸುರಿದುಕೊಡುವಾಗ ಬಸ್ಸು ಕುಲುಕಿ ಅರ್ಧ ಅವನ ಹೊಸ ಪ್ಯಾಂಟಿನ ಮೇಲೆ ಚೆಲ್ಲಿತು. ಇಬ್ಬರೂ ಅದನ್ನು ನೋಡಲಿಲ್ಲ.

*

ಖಾನಾಪುರದಲ್ಲಿ ಬಸ್ಸು ಹದಿನೈದು ನಿಮಿಷ ನಿಲ್ಲಬೇಕು. ಕಾಶವ್ವ ಎಲ್ಲರಿಗಿಂತ ಮೊದಲು ಇಳಿದು ಗುರುಪಾದಪ್ಪಜ್ಜನ ಅಂಗಡಿಗೆ ಓಡಿದಳು. ಬೆಳಿಗ್ಗೆ ಜಗಳಾಡಿದವರು ಈಗ ಒಂದೇ ಒಲೆಯ ಮುಂದೆ ನಿಂತರು. ಅಜ್ಜ ಮೆಣಸು, ಕೊತ್ತಂಬರಿ ಬೀಜ, ತುಳಸಿ, ಬೆಲ್ಲ ಹಾಕಿದರು. ಕಾಶವ್ವ ಸೆರಗಿನ ಗಂಟಿನಲ್ಲಿ ಉಳಿದಿದ್ದ ಕೊನೆಯ ಶುಂಠಿ ಜಜ್ಜಿ ಹಾಕಿದಳು. ಕಷಾಯ ಅರ್ಧಕ್ಕೆ ಇಳಿಯುವ ತನಕ ಬಾಳೇಶ ಗಾಡಿ ತೆಗೆಯಲಿಲ್ಲ. ಬಸ್‌ಸ್ಟ್ಯಾಂಡಿನ ಟೈಮ್‌ಕೀಪರ್ ಸಾಹೇಬರಿಗೆ ಏನು ಹೇಳಿದನೋ, ಅವರೂ ಬಂದು ಕಿಟಕಿಯಿಂದ ಇಣುಕಿ ಹೋದರು.

ಸಾವಂತ್ರವ್ವ ಇಷ್ಟಕ್ಕೆ ಒಪ್ಪಲಿಲ್ಲ. “ಕಷಾಯ ಎಲ್ಲಾ ಆಮ್ಯಾಲ. ಕುರಿ ಕಾಯವ್ರಿಗೆ ಗಂಟಲ ಕಟ್ಟಿದ್ರ ನಮ್ಮಪ್ಪ ಏನ ಮಾಡ್ತಿದ್ದ ಗೊತ್ತೇನ?” ಎಂದು ಅಜ್ಜನಿಂದ ತುಪ್ಪ, ಮೆಣಸಿನ ಪುಡಿ ತರಿಸಿ, ಅಂಗೈಯಲ್ಲಿ ಕಲಸಿ, ಪ್ರಮಿಳಾಳಿಗೆ ಬೆರಳಿನಿಂದ ನೆಕ್ಕಿಸಿದಳು. ಉಳಿದ ತುಪ್ಪವನ್ನು ಅವಳ ಗಂಟಲಿಗೆ ಮೇಲಿನಿಂದ ಕೆಳಕ್ಕೆ ತಿಕ್ಕಿ, ಅದರ ಮೇಲೆ ಕಷಾಯ ಕುಡಿಸಿದಳು. ಆಮೇಲೆ ತನ್ನ ಚೀಲದ ತಳದಿಂದ ಕರಿ ಉಣ್ಣೆಯ ಕಂಬಳಿ ತುಂಡೊಂದನ್ನು ತೆಗೆದು ಖಾಕಿ ಕಾಲರಿನ ಮೇಲೆ ಸುತ್ತಿ ಗಂಟು ಹಾಕಿದಳು. ಮಟಮಟ ಮಧ್ಯಾಹ್ನ. ಬೆವರು ಧಾರಾಕಾರ ಇಳಿಯುತ್ತಿತ್ತು. ಆದರೆ ಆ ಕೈ ಗಂಟಲ ಮೇಲೆ ಆಡಿದಷ್ಟು ಹೊತ್ತು ಪ್ರಮಿಳಾ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಒಳಗಿನ ಮುಳ್ಳುಗಳು ಒಂದೊಂದಾಗಿ ಮೆತ್ತಗಾಗುತ್ತಿದ್ದವು.

“ಈಗ ಮಾತಾಡಬ್ಯಾಡ,” ಅಂದಳು ಸಾವಂತ್ರವ್ವ. “ಪಿಸುಪಿಸು ಸೈತ ಅನಬ್ಯಾಡ. ಮನಿ ಮುಟ್ಟೂತನಕ ದನಿ ಕೂಡಿಡು.”

ಬೀಡಿಯಲ್ಲಿ ಇಳಿದಾಗ ಒಂದು ದಾಟಿತ್ತು. ಗಾಡಿ, ಮಷೀನು ಎಲ್ಲ ಒಪ್ಪಿಸುವುದಿತ್ತು. ಅದಾದ ಮೇಲೆ ಮೆರವಣಿಗೆಯೇ ಹೊರಟಿತು: ಪ್ರಮಿಳಾ, ಸಾವಂತ್ರವ್ವ, ಕುಂದಾದ ಡಬ್ಬಿ ಹಿಡಿದ ಶಿವಲಿಂಗ, “ಮುಗದದ್ದ ನೋಡ್ಲಿಲ್ಲಂದ್ರ ರಾತ್ರಿ ಊಟ ಹೋಗಂಗಿಲ್ಲ” ಎನ್ನುತ್ತ ಕಾಶವ್ವ, ಚಹಾ ಕುಡಿಯುವ ನೆಪದಲ್ಲಿ ಬಾಳೇಶ.

ಸತ್ಯವ್ವ ತಲೆಗೆ ಎಣ್ಣೆ ಹಚ್ಚಿಕೊಂಡು, ಬಾಗಿಲಲ್ಲಿ ಕೂತು ರವೆ ಆರಿಸುತ್ತಿದ್ದಳು. ಮೂರು ಗಂಟೆಗೆ ಬರಬೇಕಾದ ಬೀಗರು ಎದುರಿಗೆ ನಿಂತದ್ದನ್ನೂ, ಮಗಳ ಕೊರಳಿಗೆ ಕಂಬಳಿ ಸುತ್ತಿದ್ದನ್ನೂ ಕಂಡು ಗಡಿಬಿಡಿಯಲ್ಲಿ ಸೆರಗಿನ ಬದಲು ಮೊರವನ್ನೇ ತಲೆಯ ಮೇಲಿಟ್ಟುಕೊಂಡಳು. ಆದರೆ ಅವಳು ನಾಲ್ಕು ದಿನದಿಂದ ತಾಲೀಮು ಮಾಡಿದ್ದಳು. ತಕ್ಷಣ ಸೆರಗು ಹೊದ್ದು, ಸಕ್ಕರೆ ಸುರಿದಂತಹ ತೆಳು ದನಿಯಲ್ಲಿ, “ಬರ್ರಿ, ಒಳಗ ಬರ್ರಿ. ಕುಂದರ್ರಿ,” ಎಂದಳು.

“ಆಂ?” ಎಂದಳು ಸಾವಂತ್ರವ್ವ.

“ಕುಂದರ್ರಿ ಅಂದೇರಿ.” ಇನ್ನೂ ತೆಳುವಾಗಿ. ಎಲ್ಲರೂ ಚಾಪೆಯ ಮೇಲೆ ಕೂತ ಮೇಲೆ, ಹೇಳಲು ಕಾದಿಟ್ಟ ಮಾತನ್ನು ತೆಗೆದಳು: “ನಮ್ಮ ಹುಡುಗಿ ಬಾಳ ಶಾಂತ ಅದಾಳ್ರೀ.”

“ಏನ?”

“ಶಾಂತರೀ. ಬಾಳ ಶಾಂತ.”

“ಸಂತಿ? ಇವತ್ತೇನ ಸಂತಿ?”

ಪ್ರಮಿಳಾ ಅವ್ವನ ಸೆರಗು ಜಗ್ಗಿದಳು. ಸತ್ಯವ್ವ ಅವಳ ಕೈಯನ್ನು ತಟ್ಟಿ ಸರಿಸಿದಳು. ಮೂರನೆಯ ಸಲ, ನಾಲ್ಕನೆಯ ಸಲ ಹೇಳಿದಳು. ಐದನೆಯ ಸಲಕ್ಕೆ ಸಾವಂತ್ರವ್ವ, “ಸಂತ್ಯಾಗ ಏನ ತುಟ್ಟಿ ಆಗೈತಿ?” ಎಂದು ಕೇಳಿದಾಗ ಸತ್ಯವ್ವನ ತಾಳ್ಮೆಯ ದಾರ ಕಡಿಯಿತು. ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಲವತ್ತು ವರ್ಷ ಹೊಲದ ಆ ಬದುವಿನಿಂದ ಈ ಬದುವಿಗೆ ಗಂಡನನ್ನು ಊಟಕ್ಕೆ ಕರೆದ ದನಿಯಲ್ಲಿ ಕೂಗಿದಳು:

“ನಮ್ಮ ಹುಡುಗಿ ಬಾಆಆಳ ಶಾಂತ ಅದಾಳ ಅಂದೇರೀ!”

ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿದವು. ಎದುರುಮನೆಯ ಮುದುಕಿ ಹೊರಗೆ ಬಂದು, “ಏನಾತ ಸತ್ಯವ್ವಾ? ಬೆಂಕಿ ಬಿತ್ತೇನ?” ಎಂದಳು. ಹಿತ್ತಲಲ್ಲಿದ್ದ ಭರಮಣ್ಣ ಕೈಯಲ್ಲಿದ್ದ ಕೊಡ ಬಿಟ್ಟು ಓಡಿಬಂದ.

ಸಾವಂತ್ರವ್ವ ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದಳು. “ಕೇಳ್ತು! ಎಷ್ಟ ಚೊಲೋ ಕೇಳ್ತು! ಇದು ಮನೆತನದ ದನಿ ಐತಿ! ಬೀಗತಿ, ಇಷ್ಟೊತ್ತ ಯಾಕ ಮುಚ್ಚಿ ಇಟ್ಟಿದ್ದಿ?”

ಮೊದಲು ನಕ್ಕವನು ಭರಮಣ್ಣ. ಆಮೇಲೆ ಕಾಶವ್ವ, ಬಾಳೇಶ. ಆಮೇಲೆ ಯಾರು ಯಾರೆಂದು ಹೇಳುವಂತಿರಲಿಲ್ಲ. ಸತ್ಯವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದವಳು, ಮಗಳು ಬಸ್ಸಿನ ಕತೆಯನ್ನೆಲ್ಲ ಸನ್ನೆಯಲ್ಲಿ ಹೇಳಿದ ಮೇಲೆ ನಾಚಿಕೆಯಿಂದ ಕುಸಿದು ಕೂತಳು. “ಬೀಗತಿ, ಇದನ್ನ ಬೆಳಿಗ್ಗೇನ ಹೇಳಬಾರದಾಗಿತ್ತೇನ? ಈಕಿಗೆ ಹಾಲರ ಕುಡಸ್ತಿದ್ದೆ.”

ಗದ್ದಲ ತಗ್ಗಿದ ಮೇಲೆ ಭರಮಣ್ಣ ಗಂಟಲು ಸರಿ ಮಾಡಿಕೊಂಡು ಹುಡುಗನ ಕಡೆ ತಿರುಗಿದ. “ತಾಯಿ ಮಾತ ತಿಳೀತಪಾ. ನಿನ್ನ ಮನಸಿನ್ಯಾಗ ಏನೈತಿ?”

ಶಿವಲಿಂಗ ತಲೆ ತಗ್ಗಿಸಿ, ಕುಂದಾದ ಡಬ್ಬಿಗೆ ಹೇಳಿದಂತೆ ಹೇಳಿದ: “ನನಗ ಒಪ್ಪಿಗಿ ಐತ್ರೀ.”

ಪಕ್ಕದಲ್ಲಿದ್ದ ಪ್ರಮಿಳಾಳಿಗೆ ಮಾತ್ರ ಕೇಳಿತು. ಭರಮಣ್ಣನಿಗೂ ಕೇಳಲಿಲ್ಲ, ಸಾವಂತ್ರವ್ವನಿಗಂತೂ ಕೇಳುವುದು ದೂರವೇ ಉಳಿಯಿತು. “ಏನಂದ? ಏನಂದಿ? ಒಲ್ಲೆ ಅಂದೇನ?” ಎಂದು ಅವಳು ಕಿವಿಗೆ ಕೈ ಹಿಡಿದು ಒಬ್ಬೊಬ್ಬರ ಮುಖ ನೋಡತೊಡಗಿದಳು. ಆ ಮುಖದಲ್ಲಿದ್ದ ಗಾಬರಿಯನ್ನು ಪ್ರಮಿಳಾಳಿಂದ ನೋಡಲಾಗಲಿಲ್ಲ. ಶಿವಲಿಂಗ ಮೊಬೈಲಿಗಾಗಿ ಕಿಸೆ ತಡಕಾಡುತ್ತಿದ್ದ. ಅದು ಸಿಗುತ್ತಿರಲಿಲ್ಲ.

ಪ್ರಮಿಳಾ ಕಂಬಳಿ ತುಂಡನ್ನು ಸಡಿಲಿಸಿ, ಉಸಿರೆಳೆದು, ಬಾಯಿ ತೆರೆದಳು. ಮೊದಲು ಕಪ್ಪೆ ಬಂತು. ಆಮೇಲೆ ಒಡಕು ಕೊಳಲು. ಆಮೇಲೆ, ಶುಂಠಿ, ಲವಂಗ, ತುಪ್ಪ, ಕಷಾಯ ಎಲ್ಲವನ್ನೂ ಒಟ್ಟಿಗೆ ದಾಟಿಕೊಂಡು ಅವಳ ಸ್ವಂತ ದನಿ ಬಂತು:

“ನಿಮ್ಮ ಮಗಗ ನಾ ಒಪ್ಪಿಗೀ ಅಂತ್ರೀ, ಅತ್ತೀ!”

ಇಡೀ ಓಣಿಗೆ ಕೇಳಿತು. ಏನು ಕೂಗಿದೆನೆಂದು ಅವಳಿಗೆ ಆಮೇಲೆ ತಿಳಿದು, ಅಂಗೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಲ್ಲಿ ನೋಡಿದರೆ ಶಿವಲಿಂಗ ಈಗ ತುಟಿಯನ್ನು ತಡೆದುಕೊಂಡಿರಲಿಲ್ಲ. ಬಾಯಿತುಂಬ ನಗುತ್ತಿದ್ದ; ಮುಂದಿನ ಒಂದು ಹಲ್ಲು ತುಸು ಸೊಟ್ಟಗಿತ್ತು.

“ಮತ್ತ ನಿಂದು?” ಸಾವಂತ್ರವ್ವ ಬಿಡಲಿಲ್ಲ. “ನಿನ್ನ ಒಪ್ಪಿಗಿ ಹೇಳು.”

“ನಂದೂ ಐತ್ರೀ!”

ಓಣಿಯ ಆ ತುದಿಯಿಂದ ಯಾರೋ, “ಚೊಲೋ ಆತು!” ಎಂದು ಉತ್ತರ ಕೊಟ್ಟರು.

ಸತ್ಯವ್ವ ಕುಂದಾದ ಡಬ್ಬಿ ಬಿಚ್ಚಿದಳು. ರವೆ ಆರಿಸುವುದು ಅರ್ಧಕ್ಕೇ ನಿಂತಿದ್ದರಿಂದ ಉಪ್ಪಿಟ್ಟು ಆಗಲು ನಾಲ್ಕು ಗಂಟೆಯಾಯಿತು. ಅಲ್ಲಿಯವರೆಗೆ ಸಾವಂತ್ರವ್ವ ಪ್ರಮಿಳಾಳನ್ನು ಬಾಜು ಕೂರಿಸಿಕೊಂಡು, ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಕೇಳಿದಳು. ಬೆಳಗಿನ ಔಷಧದ ಕತೆಯನ್ನು ಅಷ್ಟರಲ್ಲಿ ಕಾಶವ್ವ ಒದರಿ ಹೇಳಿದ್ದಳು. ನಿಮ್ಮ ಬಸ್ಸಿನ್ಯಾಗ ಮಂದಿ ಏನೇನ ಮಾತಾಡ್ತಾರ? ಆ ಎಲೆಅಡಿಕಿ ಮುದುಕ ಏನಂದ? ಆ ಮರಾಠಿ ಹೆಣ್ಣಮಗಳು? ಪ್ರಮಿಳಾ ಎರಡು ಗುಟುಕು ಬಿಸಿನೀರು ಕುಡಿಯುವುದು, ಒಂದು ಮಾತು ಹೇಳುವುದು. ಲಗ್ನ ದೀಪಾವಳಿ ಆದ ಮೇಲೆ ಎಂದು ಭರಮಣ್ಣ ಮತ್ತು ಬಾಳೇಶ ಅಂಗಳದಲ್ಲಿ ನಿಂತೇ ತೀರ್ಮಾನಿಸಿಬಿಟ್ಟಿದ್ದರು. ಬಾಳೇಶನಿಗೆ ಅದರಲ್ಲಿ ಏನು ಅಧಿಕಾರವೋ ಯಾರೂ ಕೇಳಲಿಲ್ಲ.

ಸಂಜೆಯ ಬಸ್ಸಿಗೆ ಬೀಗರನ್ನು ಬಿಡಲು ಪ್ರಮಿಳಾ ನಿಲ್ದಾಣದವರೆಗೆ ಹೋದಳು. ತಾಯಿ ಕಿಟಕಿಯ ಸೀಟು ಹಿಡಿಯಲು ಮುಂದೆ ಹೋದಾಗ ಶಿವಲಿಂಗ ಒಂದು ನಿಮಿಷ ಹಿಂದುಳಿದ.

“ಒಂದ ಮಾತ ಕೇಳ್ಲೇನ್ರೀ?” ಎಂದಳು ಪ್ರಮಿಳಾ. ದನಿ ಇನ್ನೂ ಅರ್ಧ ಮರಳು, ಅರ್ಧ ಬೆಲ್ಲ. “ಆ ಫೋಟೋ ತಗಿಯುವಾಗ ಏನ ನಗಿ ಬಂದಿತ್ತು?”

ಅವನು ನೆಲ ನೋಡಿದ, ಬಸ್ಸು ನೋಡಿದ, ಆಮೇಲೆ ಅವಳನ್ನು ನೋಡಿದ.

“ಅವ್ವ ಫೋಟೋದವಗ ಹೇಳಿದ್ಲು: ‘ನನ್ನ ಮಗನ ಬಾಯಿ ಚಂದಂಗ ಬರ್ಲಿ, ಮಾತ ಹೆಂಗೂ ಬರಂಗಿಲ್ಲ’ ಅಂತ.”

ಅವನು ಹತ್ತಿದ, ಬಾಗಿಲು ಮುಚ್ಚಿತು. ಸಂಜೆಯ ಬಸ್ಸಿನ ಕಂಡಕ್ಟರ್ ಬೇರೊಬ್ಬ. ಅವನು ಟಿಕೆಟು ಕೊಡುವುದರಲ್ಲಿ ಮುಳುಗಿದ್ದ, ಹಾಗಾಗಿ “ರೈಟ್!” ಎಂದು ಪ್ರಮಿಳಾಳೇ ಕೂಗಿದಳು, ಬಸ್ಸು ಹೊರಟಿತು. ಪ್ರಮಿಳಾ ರಸ್ತೆಯ ನಡುವೆ ನಿಂತು ಕೈಬೀಸುತ್ತಲೇ ಇದ್ದಳು, ಹಿಂದಿನಿಂದ ಬಂದ ಎತ್ತಿನ ಗಾಡಿಯವನು ಎರಡು ಸಲ “ಸರಿಯವಾ ತಂಗಿ” ಎನ್ನುವವರೆಗೂ.